ಮುಳ್ಳುಪೊದೆಯಲ್ಲಿ ಸಿಕ್ಕ ಚರಿತ್ರೆ

ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನ ಹಣೆಬರಹವೇ ಇಷ್ಟು: ಬರೆಯೋ ಕೆಲಸ ಯಾವುದಿದ್ದರೂ ಅವನ ಕೊರಳಿಗೇ ಬೀಳುತ್ತೆ. ಬಿ.ಇ. ಮುಗಿಯುವ ಹೊತ್ತಿಗೆ ನಾನು ಬೀದಿಯವರ ಲಗ್ನಪತ್ರಿಕೆ, ಕರೆಂಟಿನವರಿಗೆ ದೂರು, ಚಿಕ್ಕಪ್ಪನ ರಜಾ ಅರ್ಜಿ ಎಲ್ಲ ಬರೆದು ಸುಸ್ತಾಗಿದ್ದೆ. ಅಮೆರಿಕದ ಬೆಲ್ವ್ಯೂಗೆ ಬಂದರೆ ತಪ್ಪೀತು ಅಂದುಕೊಂಡೆ. ಇಲ್ಲಿ ಐರಿಷ್ ಕ್ಲಬ್ಬೊಂದರ ಚರಿತ್ರೆ ಗಂಟುಬಿತ್ತು.

ಆ ಕ್ಲಬ್ಬಿನದು ಚಪ್ಪಟೆ ತುದಿಯ ಕೋಲಿನಿಂದ ಪುಟ್ಟ ಚೆಂಡನ್ನು ಗಾಳಿಯಲ್ಲೇ ಬಾರಿಸುವ ಐರಿಷ್ ಆಟ. ಗಂಡಸರು ಆಡಿದರೆ ಹರ್ಲಿಂಗ್, ಹೆಂಗಸರು ಆಡಿದರೆ ಕ್ಯಾಮೋಗಿ. ನನ್ನ ಮಗಳು ಅನನ್ಯ ಆಡುತ್ತಾಳೆ. ಭಾನುವಾರ ಬೆಳಗ್ಗೆ ಕೆಂಟ್ ಊರಿನ ಮೈದಾನದವರೆಗೆ ಡ್ರೈವ್ ಮಾಡೋನು ನಾನು. ವಾರವೆಲ್ಲ ರೂಮಿನ ಬಾಗಿಲು ಹಾಕಿಕೊಂಡಿರುವ ಹುಡುಗಿ ಆ ಕಾರಿನಲ್ಲಿ ಮಾತ್ರ ನನ್ನ ಜೊತೆ ಬಾಯಿಬಿಡುತ್ತಾಳೆ. ಅದಕ್ಕೇ ಮೈದಾನದಲ್ಲಿ ಮಳೆಗೆ ನೆನೆಯುತ್ತ, ಬ್ಲ್ಯಾಕ್‌ಬೆರಿಯ ಮುಳ್ಳುಪೊದೆಗೆ ಬಿದ್ದ ಚೆಂಡು ಹೆಕ್ಕುತ್ತ ನಿಲ್ಲುತ್ತೇನೆ.

ಕ್ಲಬ್ಬಿನ ವಾರ್ಷಿಕ ಊಟದಲ್ಲಿ ಓದಲು ಒಂದು ಪುಟದ ಚರಿತ್ರೆ ಬೇಕಿತ್ತು. ಕ್ಲಬ್ ಕಟ್ಟಿದವರು ಡೆಕ್ಲನ್ ಮತ್ತು ನೋರಾ. ಈಗ ಇಬ್ಬರ ನಡುವೆ ಮಾತಿಲ್ಲ, ಒಬ್ಬೊಬ್ಬರನ್ನೇ ಕೇಳಬೇಕಾಯಿತು. "ಶುರು ಮಾಡಿದ್ದು ನಾವು ಗಂಡಸರು, ಹೆಂಗಸರು ಟೀ ತಂದರು" ಅಂದ ಡೆಕ್ಲನ್. "ಶುರು ಮಾಡಿದ್ದೇ ನಾವು. ಜನ ಸಾಲದೆ ಇವರನ್ನು ಸೇರಿಸಿಕೊಂಡ್ವಿ" ಅಂದಳು ನೋರಾ. ಕಾರಿನಲ್ಲಿ ಅನನ್ಯ, "ಅಪ್ಪಾ, ನೀನು ಟೀ ಅಂತ ಬರೆದ್ರೆ ಸೀರಿಯಸ್ಲಿ, ನಾನು ಬೇರೆಯವರ ಕಾರಲ್ಲಿ ಹೋಗ್ತೀನಿ" ಅಂದಳು.

ನಮ್ಮ ಕನ್ನಡ ಸಂಘದ ಆಹ್ವಾನಪತ್ರಿಕೆ ಬರೆದು ಪಳಗಿದ ಕೈ ನನ್ನದು. ಯಾರಿಗೂ ನೋವಾಗದಂತೆ, ಇಬ್ಬರೂ ಒಂದೇ ಗಳಿಗೆಯಲ್ಲಿ ಶುರು ಮಾಡಿದರು, ಟೀ ತಾನಾಗಿಯೇ ಬಂತು ಎಂಬರ್ಥದಲ್ಲಿ ಬರೆದು, ಕೆಳಗೆ ನನ್ನ ಹೆಸರು, ಮುಂದೆ ಬಿ.ಇ. ಹಾಕಿ, ಮೈದಾನದ ಬೆಂಚಿನ ಬಳಿ ಇಬ್ಬರಿಗೂ ಓದಿದೆ.

"ಇಷ್ಟು ಹಸಿ ಸುಳ್ಳು ನಾನು ಕೇಳಿಲ್ಲ" ಅಂದಳು ನೋರಾ. ಡೆಕ್ಲನ್ ಅವಳ ಕಡೆ ತಿರುಗಿ, "ಆ ಮೊದಲ ದಿನ ಆಟವೆಲ್ಲಿ ಆಯ್ತು? ಇದ್ದದ್ದೊಂದು ಚೆಂಡು. ಮೊದಲ ಏಟಿಗೇ ನೀನು ಪೊದೆಗೆ ಹೊಡೆದೆ!"

"ಮೊದಲ ಏಟು ನನ್ನದು ಅಂತ ಒಪ್ಪಿಕೊಂಡ!"

"ಹೂಂ ಮಾರಾಯ್ತಿ, ನಿನ್ನದೇ. ಕತ್ತಲಾಗೋವರೆಗೂ ಎಲ್ಲರೂ ಹುಡುಕಿದ್ವಲ್ಲ."

ಇಬ್ಬರೂ ನಗತೊಡಗಿದರು. ನನ್ನ ಕೈಯಿಂದ ಹಾಳೆ ಕಿತ್ತುಕೊಂಡು, ಒಂದೇ ಬೆಂಚಿನಲ್ಲಿ ಕೂತು, ನನ್ನದೊಂದು ಸಾಲೂ ಉಳಿಯದಂತೆ ತಿದ್ದಿದರು. ಕೆಳಗೆ ನನ್ನ ಹೆಸರಿದ್ದ ಕಡೆ ಒಂದು ಕೃತಜ್ಞತೆ ಹಾಕಿದರು, ಅದೂ ಹೀಗೆ: ಅನನ್ಯಳ ಅಪ್ಪ, ಪೊದೆಯಿಂದ ಚೆಂಡು ತರುವವರು. ಡಿಗ್ರಿ ಹೊಡೆದುಹಾಕಿದ್ದರು.

ವಾಪಸ್ ಬರುವಾಗ ಅನನ್ಯ ದಾರಿಯುದ್ದಕ್ಕೂ ಮಾತಾಡಿದಳು. "ಅವತ್ತು ನೀನಿದ್ದಿದ್ರೆ ಚೆಂಡು ಸಿಕ್ಕಿ ಅವರು ಆಡ್ತಿದ್ರು ಅಪ್ಪಾ" ಅಂದಳು. ಮುಳ್ಳು ಚುಚ್ಚಿದ ಕೈಯಲ್ಲಿ ಸ್ಟೀರಿಂಗ್ ಹಿಡಿದಿದ್ದ ನಾನು, ನಾಲ್ಕು ವರ್ಷ ಓದಿ ಗಳಿಸಿದ್ದಕ್ಕಿಂತ ಈ ಪದವಿಯೇ ಮೇಲಿರಬೇಕು ಅಂದುಕೊಂಡೆ.