ಅಂಟು ಹಚ್ಚಿದ ಪಾಕೀಟು

ದೀಪಾವಳಿ ಹತ್ತಿರ ಬಂದಾಗ ಜನ ಮನೆಯ ಜೇಡರ ಬಲೆ ತೆಗೆಯುತ್ತಾರೆ, ತಳ ಹೋದ ಡಬ್ಬಿಗಳನ್ನು ಗುಜರಿಗೆ ಹಾಕುತ್ತಾರೆ, ಗೋಡೆಗೆ ಬಣ್ಣ ಬಳಿಸುತ್ತಾರೆ. ನಾನು ದಾನ ಮಾಡುತ್ತಿದ್ದೆ. ಎರಡೂ ಒಂದೇ ಕೆಲಸ ಎಂಬುದು ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ನನಗೆ ತಿಳಿಯಿತು. ತಿಳಿಯಿತು ಅನ್ನುವುದೂ ಸುಳ್ಳು. ಮೊದಲೇ ಗೊತ್ತಿತ್ತು, ಈಗ ಒಪ್ಪಿಕೊಳ್ಳುತ್ತಿದ್ದೇನೆ.

ನಮ್ಮ ಬೆಳಗಾವಿಯಲ್ಲಿ ಹಬ್ಬಕ್ಕೆ ಕೊಡುವ ಭಕ್ಷೀಸಿಗೆ ಪೋಸ್ತ ಎನ್ನುತ್ತಾರೆ. ವರ್ಷವಿಡೀ ಮನೆಗೆ ಹಾಲು ಹಾಕಿದವನು, ಪೇಪರು ಎಸೆದವನು, ಸಿಲಿಂಡರು ಹೊತ್ತವನು, ಕಸ ಒಯ್ದವರು ಪಾಡ್ಯದ ದಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಬಾಯಿಬಿಟ್ಟು ಕೇಳುವುದಿಲ್ಲ. ‘ಹಬ್ಬ ಜೋರ್ ಆತೇನ್ರಿ ಅಜ್ಜಾರ’ ಎಂದು ವಿಚಾರಿಸುತ್ತಾರೆ. ಅನಗೋಳದ ನಮ್ಮ ಓಣಿಯಲ್ಲಿ ಉಳಿದವರು ಅಂಗಿಯ ಜೇಬಿಗೆ ಕೈ ಹಾಕಿ ಬಂದಷ್ಟನ್ನು ಕೊಟ್ಟು ಕಳಿಸುತ್ತಿದ್ದರು. ನಾನು ಮಾತ್ರ ಪಾಕೀಟಿನಲ್ಲಿ ಹಾಕಿ, ಮೇಲೆ ಕೆಂಪು ಶಾಯಿಯಲ್ಲಿ ಶುಭ ದೀಪಾವಳಿ ಎಂದು ಬರೆದು, ಮೂಲೆಗೆ ಕುಂಕುಮ ಹಚ್ಚಿ, ಬಾಯಿಗೆ ಅಂಟು ಬಳಿದು, ಎರಡೂ ಕೈಯಿಂದ ಕೊಡುತ್ತಿದ್ದೆ. ಅವರು ಅದನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನನ್ನ ಹೆಂಡತಿ ನೀಲವ್ವ ಒಳಗಿನಿಂದ ನೋಡಿ, ‘ಇವರ ಕೈ ದೊಡ್ಡದು’ ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಅಂಟು ಯಾಕೆ ಎಂದು ಯಾರೂ ಕೇಳಲಿಲ್ಲ. ಅಂಟು ಹಚ್ಚಿದ ಪಾಕೀಟನ್ನು ಕೊಟ್ಟವನ ಎದುರಿಗೇ ಹರಿಯುವಷ್ಟು ಮರ್ಯಾದೆಗೇಡಿಗಳು ನಮ್ಮ ಊರಲ್ಲಿ ಇಲ್ಲ. ನನಗೆ ಬೇಕಾದದ್ದು ಅಷ್ಟೇ.

ಇದರ ಮೂಲ ಹೇಳಬೇಕೆಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮ್ಯಾಟ್ರಿಕ್ ಮುಗಿಸಿದ ನಾನು ಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಮೂವತ್ತಾರು ವರ್ಷ ಕುಳಿತವನು. ಮಾಲಕರು ಒಳ್ಳೆಯವರೇ, ಆದರೆ ಒಂದು ಕಾಯಿದೆ ಮಾಡಿದ್ದರು. ಸಂಜೆ ಲೆಕ್ಕ ಕೊಡುವಾಗ ಹರಿದ ನೋಟು ಕಂಡರೆ ಅದು ನನ್ನದು. ಅಷ್ಟು ಹಣ ನನ್ನ ಪಗಾರದಲ್ಲಿ ಕಡಿತ. ಅದಕ್ಕೆ ನಾನು ಹರಿದ ನೋಟನ್ನು ಮುಂದಕ್ಕೆ ದಾಟಿಸುವ ವಿದ್ಯೆ ಕಲಿತೆ. ಅಂಗಡಿಯ ಹಿರಿಯ ಗುಮಾಸ್ತರೊಬ್ಬರು ಗುರುವಾದರು. ‘ನೋಟ ಕೊಡುವಾಗ ಗಿರಾಕಿ ಮಾರಿ ನೋಡಬೇಕಪಾ. ನೀ ನೋಟ ನೋಡಿದಿ ಅಂದ್ರ ಅವನೂ ನೋಟ ನೋಡತಾನ’ ಎಂದಿದ್ದರು. ಹತ್ತರ ಹರಕು ಚಿಲ್ಲರೆಯ ನಡುವೆ ಹೋಗಬೇಕು, ಐವತ್ತರದು ಮೂರು ಮಡಿಕೆಯಾಗಿ ಹೋಗಬೇಕು, ನೂರರದು ಹೋಗುವಾಗ ಮಗಳ ಲಗ್ನ ಯಾವಾಗ ಎಂದು ಗಿರಾಕಿಯನ್ನು ಕೇಳಬೇಕು. ಮಗಳ ಲಗ್ನದ ವಿಷಯ ತೆಗೆದರೆ ಯಾವ ತಾಯಿಯೂ ನೋಟಿನ ಮೂಲೆ ನೋಡುವುದಿಲ್ಲ. ಹಾಗೂ ದಾಟದೆ ಉಳಿದವು ನನ್ನ ಮನೆಯ ಟೇಬಲ್ಲಿನ ಖಾನೆ ಸೇರುತ್ತಿದ್ದವು. ನಿವೃತ್ತನಾದ ದಿನ ನನಗೆ ಸಿಕ್ಕದ್ದು ಒಂದು ಶಾಲು, ಒಂದು ತೆಂಗಿನಕಾಯಿ. ಖಾನೆಯಲ್ಲಿ ಒಂದು ಕಟ್ಟು ಅಂಗವಿಕಲ ನೋಟುಗಳು.

ಆ ಕಟ್ಟನ್ನು ತರಕಾರಿಯವರಿಗೆ, ಹಣ್ಣಿನವರಿಗೆ ಒಂದೊಂದಾಗಿ ಸಾಗಿಸುತ್ತಾ ಬಂದೆ. ಕೆಲವು ಗುಡಿಯ ಹುಂಡಿಗೆ ಹೋದವು. ಒಂದು ವರ್ಷ ಗುಡಿಯವರು ‘ಭಕ್ತರು ಹರಿದ ನೋಟು ಹಾಕಬಾರದು’ ಎಂದು ಫಲಕ ಬರೆಸಿ ಹುಂಡಿಯ ಮೇಲೆ ನೇತು ಹಾಕಿದರು. ಜನ ಎಂಥವರಿದ್ದಾರೆ ನೋಡು ಎಂದು ನಾನು ನೀಲವ್ವನಿಗೆ ತೋರಿಸಿದೆ. ಆಮೇಲೆ ಫೋನಿನಲ್ಲಿ ದುಡ್ಡು ಕೊಡುವ ಕಾಲ ಬಂತು. ಕೊತ್ತಂಬರಿ ಮಾರುವ ಮುದುಕಿಯೂ ತಕ್ಕಡಿಗೆ ಚೀಟಿ ಅಂಟಿಸಿಕೊಂಡು ‘ಸ್ಕ್ಯಾನ್ ಮಾಡ್ರಿ ಅಜ್ಜಾರ’ ಎನ್ನತೊಡಗಿದಳು. ನನ್ನ ಹರಕು ನೋಟುಗಳಿಗೆ ಎಲ್ಲ ದಾರಿಗಳೂ ಮುಚ್ಚಿದವು. ಉಳಿದದ್ದು ದಾನ ಒಂದೇ.

ಶೇವಂತಾ ಒಂಬತ್ತು ವರ್ಷದಿಂದ ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕಿ ನೆಲ ಒರೆಸುವವಳು. ಖಾನಾಪುರ ತಾಲೂಕಿನವಳು, ಗುಂಜಿಯಿಂದ ಒಳಗೆ ಕಾಡಿನ ಅಂಚಿನ ಒಂದು ಹಳ್ಳಿ. ಗಂಡ ತೀರಿಕೊಂಡ ಮೇಲೆ ಬೆಳಗಾವಿಗೆ ಬಂದು ನಾಲ್ಕು ಮನೆಗಳ ಕೆಲಸ ಹಿಡಿದಿದ್ದಳು. ಊರಿನಲ್ಲಿ ತಾಯಿ ಮತ್ತು ತಮ್ಮ. ಆಕೆಯ ಪೋಸ್ತ ಐನೂರು. ಮೊದಲ ವರ್ಷ ಐದು ನೂರರಲ್ಲಿ ಒಂದು ಹರಕು ಸೇರಿಸಿದೆ. ಆಕೆ ಏನೂ ಅನ್ನಲಿಲ್ಲ. ಏನೂ ಅನ್ನದವರ ಪಾಲಿಗೆ ಮರುವರ್ಷ ಎರಡು ಹೋಗುತ್ತವೆ. ಹೋದ ದೀಪಾವಳಿಗೆ ಐದಕ್ಕೆ ಐದೂ ಹಾಕಿದೆ. ಒಂದಕ್ಕೆ ಮೂಲೆ ಇರಲಿಲ್ಲ, ಒಂದು ನಡುವೆ ಸೀಳಿ ಟೇಪಿನ ಮೇಲೆ ನಿಂತಿತ್ತು, ಒಂದನ್ನು ಎಣ್ಣೆ ಕುಡಿದು ಕಪ್ಪಾದದ್ದೆಂದು ಯಾರೂ ತೆಗೆದುಕೊಂಡಿರಲಿಲ್ಲ, ಇನ್ನೆರಡು ಮುಟ್ಟಿದರೆ ಉದುರುವಂತಿದ್ದವು. ಅವನ್ನು ನಾನು ಬಹಳ ಶ್ರದ್ಧೆಯಿಂದ ಅಂಟಿಸಿದ್ದೆ. ಹಬ್ಬದ ಮುಂದೆ ಆಕಾಶಬುಟ್ಟಿ ಮಾಡುವವರು ಬಣ್ಣದ ಹಾಳೆ ಅಂಟಿಸುವಾಗಲೂ ಅಷ್ಟು ತಾಳ್ಮೆ ತೋರಿಸಲಿಕ್ಕಿಲ್ಲ.

ತುಳಸಿ ಲಗ್ನ ಮುಗಿದ ವಾರ ಒಂದು ಮಧ್ಯಾಹ್ನ ಶೇವಂತಾ ಕೈಯಲ್ಲಿನ ಪಾತ್ರೆ ಅರ್ಧಕ್ಕೆ ಬಿಟ್ಟು ನಡುಮನೆಗೆ ಬಂದಳು. ತಮ್ಮನ ಫೋನು ಬಂದಿತ್ತು.

‘ಅಮ್ಮಾರ, ನಮ್ಮವ್ವಗ ಭಾಳ ಆಗೈತಂತ್ರಿ. ನನ್ನ ಹೆಸರ ಹಿಡದು ಕರ್ಯಾಕತ್ಯಾಳಂತ. ನಾ ಹೋಗಿ ಬರತೇನ್ರಿ.’

‘ಲಗೂನ ಹೋಗವಾ, ಪಾತ್ರಿ ನಾ ತಿಕ್ಕೋತೇನಿ’ ಎಂದಳು ನೀಲವ್ವ. ‘ರೊಕ್ಕ ಐತೇನು? ತಡಿ, ಕೊಡತೇನಿ.’

‘ಬ್ಯಾಡ್ರಿ. ಅಜ್ಜಾರ ಕೊಟ್ಟ ಪಾಕೀಟ ಹಂಗ ಐತಿ. ಒಡದಿಲ್ರಿ ನಾ. ಇಂಥಾದಕ್ಕ ಆಗತೈತಿ ಅಂತ ಇಟ್ಟಿದ್ದೆ.’

ನಾನು ಮೂರು ಮಾರು ದೂರದಲ್ಲಿ ಕುರ್ಚಿಯ ಮೇಲೆ ಪೇಪರು ಹಿಡಿದು ಕುಳಿತಿದ್ದೆ. ಅಂಗಿಯ ಜೇಬಿನಲ್ಲಿ ಆ ದಿನವೇ ಪೋಸ್ಟಿನಿಂದ ತಂದ ವೃದ್ಧಾಪ್ಯ ಪೆನ್ಷನ್ನಿನ ಹೊಸ ನೋಟುಗಳಿದ್ದವು. ಎದ್ದು ಎರಡು ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಯಾಕೆ ಕೊಡುತ್ತೀರಿ, ಪಾಕೀಟು ಇದೆಯಲ್ಲ ಎಂದು ನೀಲವ್ವ ಕೇಳಿದರೆ ಏನು ಹೇಳಲಿ? ಮೂವತ್ತಾರು ವರ್ಷ ಹಣ ಎಣಿಸಿದ ತಲೆ ಕೂಡಲೇ ಇನ್ನೊಂದು ಲೆಕ್ಕ ಹೂಡಿತು. ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ. ಖಾನಾಪುರಕ್ಕೂ ಪುಕ್ಕಟೆ, ಅಲ್ಲಿಂದ ಊರಿಗೂ ಪುಕ್ಕಟೆ. ಆಕೆಗೆ ದುಡ್ಡು ಬೇಕಾಗುವುದೇ ಇಲ್ಲ. ಈ ಲೆಕ್ಕ ನನಗೆ ಎಷ್ಟು ಸಮಾಧಾನ ಕೊಟ್ಟಿತೆಂದರೆ, ಪೇಪರಿನ ಹಿಂದಿನಿಂದ ‘ಹುಷಾರಾಗಿ ಹೋಗಿ ಬಾ’ ಎಂದು ಆಶೀರ್ವಾದವನ್ನೂ ಮಾಡಿದೆ.

ಹದಿನೈದು ದಿನ ಬಿಟ್ಟು ಬಂದಳು. ತಾಯಿ ಹೋಗಿಬಿಟ್ಟಿದ್ದಳು. ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು ನೀಲವ್ವನಿಗೆ ಹೇಳುವುದನ್ನು ನಾನು ಕೇಳಿಸಿಕೊಂಡೆ. ಖಾನಾಪುರದ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಊರಿನ ಸಂಜೆಯ ಬಸ್ಸು ಹೋಗಿತ್ತು. ರಿಕ್ಷಾದವನು ನಾನೂರು ಕೇಳಿದ. ಆಕೆ ಚೌಕಾಶಿ ಮಾಡಲಿಲ್ಲ, ಹತ್ತಿ ಕುಳಿತು ಪಾಕೀಟು ಒಡೆದಳು.

‘ಅವ ನೋಟ ನೋಡಿ ನಕ್ಕಾನ್ರಿ. ಮಾವಶಿ, ಇದು ನೋಟಲ್ಲ, ಪಾರ್ಸಲ್ ಐತಿ, ಹಿಂಗ್ಯಾಕ ಟೇಪ್ ಸುತ್ತೀರಿ ಅಂದ. ಎಲ್ಲಾ ತಗದ ತೋರಸಿದೆ. ಒಂದೂ ನಡ್ಯಾಂಗಿಲ್ಲ, ಇಳೀರಿ ಅಂದ. ಬಾಜೂ ರಿಕ್ಷಾದವಂಗೂ ಕೇಳಿದೆ, ಅವನೂ ಹಂಗ ಅಂದ.’

‘ನಮಗ ಫೋನ್ ಮಾಡಬೇಕಿಲ್ಲೇನ?’

‘ಮಾಡೂಣು ಅಂದ್ಕೊಂಡ್ನಿ. ಅಜ್ಜಾರದು ಚಾ ಕುಡಿಯೂ ಹೊತ್ತ, ಯಾಕ ತ್ರಾಸ ಕೊಡೂದಂತ ಬಿಟ್ಟೆ. ಸ್ಟ್ಯಾಂಡಿನ್ಯಾಗ ಕುಂತು ಮುಂಜಾನಿ ಬಸ್ಸಿಗೆ ಹೋದೆ. ನಾ ಹೋಗೂದ್ರಾಗ ಅವ್ವನ್ನ ಹೊರಗ ಮಲಗಿಸಿದ್ರು.’

ಆ ದಿನ ನಾನು ಚಹಾ ಕುಡಿದದ್ದು ನನಗೆ ನೆನಪಿದೆ. ಜೊತೆಗೆ ಹಬ್ಬದ ಉಳಿದ ಚಕ್ಕುಲಿ ಇತ್ತು.

ಆಮೇಲೆ ಆಕೆ ಎದ್ದು ನನ್ನ ಹತ್ತಿರ ಬಂದಳು. ನಾನು ತಲೆ ತಗ್ಗಿಸಿ ಬೈಗುಳಕ್ಕೆ ತಯಾರಾದೆ. ಆಕೆ ಪಾಕೀಟನ್ನು ಟೇಬಲ್ಲಿನ ಮೇಲೆ ಮೆಲ್ಲಗೆ ಇಟ್ಟು, ಸಣ್ಣ ದನಿಯಲ್ಲಿ ಹೇಳಿದಳು: ‘ಅಜ್ಜಾರ, ನಿಮಗ ಯಾರೋ ಮೋಸ ಮಾಡ್ಯಾರ ನೋಡ್ರಿ. ನಿಮಗ ಕಣ್ಣ ಸರಿ ಕಾಣಂಗಿಲ್ಲಂತ ತಿಳದು ಕೆಟ್ಟ ನೋಟ ದಾಟ್ಸ್ಯಾರ. ಇನ್ನ ಮ್ಯಾಲೆ ರೊಕ್ಕ ತಗೋಳುವಾಗ ನನಗ ಕರೀರಿ, ನಾ ನೋಡತೇನಿ.’

ಇಲ್ಲವಾ, ಮೋಸ ಮಾಡಿದವನು ನಾನೇ ಎನ್ನಲು ಬಾಯಿ ತೆರೆದೆ. ಬಾಯಿಂದ ಬಂದದ್ದು, ‘ಹೌದವಾ, ಕಣ್ಣು ಮೊದಲಿನಂಗಿಲ್ಲ.’

ಅಲ್ಲಿಂದ ನನ್ನ ಕುರುಡುತನ ಶುರುವಾಯಿತು. ಶೇವಂತಾ ಕೆಲಸ ಮಾಡುವ ಉಳಿದ ಮೂರು ಮನೆಗಳಿಗೂ ಸುದ್ದಿ ಮುಟ್ಟಿತು. ಕಿರಾಣಿ ಅಂಗಡಿಯವನು ಚಿಲ್ಲರೆ ಕೊಡುವಾಗ ‘ಇದು ಇಪ್ಪತ್ರಿ, ಇದು ಹತ್ತರಿ’ ಎಂದು ಕೂಗಿ ಹೇಳಿ ಒಂದೊಂದಾಗಿ ಅಂಗೈಯಲ್ಲಿಟ್ಟು ಬೆರಳು ಮಡಿಸತೊಡಗಿದ. ಶಾಲೆಗೆ ಹೋಗುವ ಹುಡುಗಿಯೊಬ್ಬಳು ನನ್ನ ಕೈ ಹಿಡಿದು ರಸ್ತೆ ದಾಟಿಸಿದಳು. ನನಗೆ ದಾಟುವ ಕೆಲಸವೇ ಇರಲಿಲ್ಲ, ಆ ಕಡೆ ಸ್ವಲ್ಪ ಹೊತ್ತು ನಿಂತು ವಾಪಸು ಬಂದೆ. ನೀಲವ್ವನಿಗೆ ಮಾತ್ರ ಸಿಟ್ಟು. ಎರಡು ವರ್ಷದ ಹಿಂದಷ್ಟೇ ಸಾಲ ಮಾಡಿ ನನ್ನ ಎರಡೂ ಕಣ್ಣಿನ ಪೊರೆ ತೆಗೆಸಿದ್ದಳು. ಅದೇ ಡಾಕ್ಟರನ್ನು ಝಾಡಿಸುತ್ತೇನೆಂದು ನನ್ನನ್ನು ಎಳೆದುಕೊಂಡು ಹೋದಳು. ಗೋಡೆಯ ಅಕ್ಷರಗಳಲ್ಲಿ ಮೂರನೆಯ ಸಾಲಿನಿಂದ ಕೆಳಗೆ ಏನೂ ಕಾಣುವುದಿಲ್ಲ ಎಂದು ನಾನು ಹಟ ಹಿಡಿದೆ. ಡಾಕ್ಟರು ಕಣ್ಣಿಗೆ ಔಷಧ ಬಿಟ್ಟು, ಯಂತ್ರದ ಮುಂದೆ ಗದ್ದ ಇಡಿಸಿ, ಎರಡೆರಡು ಸಲ ನೋಡಿ, ‘ಅಮ್ಮಾ, ಇವರ ಕಣ್ಣು ನನ್ನ ಕಣ್ಣಿಗಿಂತ ಚಲೋ ಅದಾವ’ ಎಂದರು.

ಬರುವಾಗ ರಿಕ್ಷಾದಲ್ಲಿ ನೀಲವ್ವ ಡಾಕ್ಟರ ಚೀಟಿಯನ್ನು ಎರಡು ಸಲ ಓದಿದಳು. ಮನೆಗೆ ಬಂದವಳೇ ಟೇಬಲ್ಲಿನ ಖಾನೆ ಎಳೆದಳು. ಟೇಪು, ಕತ್ತರಿ, ಅಂಟಿನ ಬಾಟಲಿ, ಇನ್ನೂ ಆರು ಹರಕು ನೋಟು. ಬಹಳ ಹೊತ್ತು ನೋಡಿದಳು.

‘ಕೈ ದೊಡ್ಡದು ಅಂತ ಊರ ತುಂಬ ಹೇಳಕೋತ ಬಂದ್ನೆಲ್ರಿ ನಾ.’

ನಾನು ಖಾನೆ ಮುಚ್ಚಲು ಹೋದೆ, ಆಕೆ ಕೈ ಅಡ್ಡ ಹಿಡಿದಳು.

‘ಆಕಿಗೆ ನೀವ ಹೇಳಬೇಕು. ನಾ ಹೇಳಂಗಿಲ್ಲ. ಹೇಳೂತನಾ ಈ ಮನ್ಯಾಗ ಆಕಿ ಮಾರಿ ನೋಡಾಕ ನನಗ ಆಗೂದಿಲ್ಲ.’

ಮರುದಿನ ಪಾಕೀಟಿನ ಐದು ನೋಟನ್ನು ಬ್ಯಾಂಕಿಗೆ ಒಯ್ದೆ. ನೂರೆಂಟು ಪ್ರಶ್ನೆ ಕೇಳುತ್ತಾರೆಂದು ಇಷ್ಟು ವರ್ಷ ಹರಿದ ನೋಟು ಹಿಡಿದು ಅಲ್ಲಿಗೆ ಹೋಗದೆ ಇದ್ದವನು ನಾನು. ಕೌಂಟರಿನ ಹುಡುಗಿ ನೋಟುಗಳನ್ನು ಬಿಡಿಸಿ ನೋಡಿ, ಪಕ್ಕಕ್ಕಿಟ್ಟು, ಐದು ಹೊಸ ನೋಟು ಕೊಟ್ಟಳು. ಏನೂ ಕೇಳಲಿಲ್ಲ. ಹತ್ತು ನಿಮಿಷದ ಕೆಲಸ.

ಅವನ್ನು ಹಿಡಿದುಕೊಂಡು ಹಿತ್ತಲಿನ ಬಾಗಿಲಿಗೆ ಹೋದೆ. ಶೇವಂತಾ ಬಟ್ಟೆ ಒಣಹಾಕುತ್ತಿದ್ದಳು. ನೀಲವ್ವ ಕಿಟಕಿಯಲ್ಲಿ ನಿಂತದ್ದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು.

‘ಶೇವಂತಾ, ಆ ನೋಟಿಂದು ಒಂದ ಮಾತ ಹೇಳೂದಿತ್ತು. ಇವ್ನ ತಗೋ.’

ಆಕೆ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ನೋಟು ನೋಡಿದಳು, ತೆಗೆದುಕೊಳ್ಳಲಿಲ್ಲ.

‘ಇರ್ಲಿ ಬಿಡ್ರಿ ಅಜ್ಜಾರ. ಈಗ ಏನ ಅರ್ಜಂಟ್ ಇಲ್ಲ.’

ಮಾತು ಇನ್ನೂ ಬಾಕಿ ಇತ್ತು. ಹೇಳೋಣವೆಂದು ಒಂದು ಹೆಜ್ಜೆ ಮುಂದೆ ಇಟ್ಟೆ. ಆಕೆ ಓಡಿ ಬಂದು ನನ್ನ ರಟ್ಟೆ ಹಿಡಿದಳು. ‘ಸಾವಕಾಶ್ರಿ, ಮೆಟ್ಟಲ ಐತಿ.’ ಆ ಮೆಟ್ಟಿಲಿನ ಬಿರುಕಿನಲ್ಲಿ ಇರುವೆ ಹೋಗುವುದು ಕೂಡ ನನಗೆ ಕಾಣುತ್ತಿತ್ತು. ಆದರೂ ಕಾಲು ಚಾಚಿ, ತಡವರಿಸಿ, ಹುಡುಕಿ ಇಳಿದೆ. ಆಕೆ ನಿಜವಾಗಿಯೂ ನಂಬಿದ್ದಾಳೋ, ಇದು ಆಕೆ ನನಗೆ ಕೊಡುತ್ತಿರುವ ಪೋಸ್ತವೋ ಎಂದು ಮುಖ ನೋಡಿ ತಿಳಿಯಬಹುದಿತ್ತು. ನಾನು ನೋಡಲಿಲ್ಲ.

ಅಂದಿನಿಂದ ನೀಲವ್ವ ದಿನಾಲೂ ‘ಹೇಳಿದ್ರೇನು?’ ಎಂದು ಕೇಳುತ್ತಾಳೆ. ನಾಳೆ ಎನ್ನುತ್ತೇನೆ. ಕಡೆಗೆ, ಬಾಯಿಂದ ಆಗದಿದ್ದರೆ ಕೈಯಿಂದ ಆಗಲಿ, ಬರೆದು ಅಚ್ಚು ಹಾಕಿಸಿ ಊರೆಲ್ಲಾ ಓದುವಂತೆ ತಪ್ಪು ಒಪ್ಪಿಕೊಳ್ಳುತ್ತೇನೆ ಎಂದು ಎಂಟು ದಿನ ಕುಳಿತು ಇಷ್ಟನ್ನು ಬರೆದೆ. ಒಂದು ಮಾತನ್ನೂ ಬಚ್ಚಿಟ್ಟಿಲ್ಲ. ಮೊದಲು ನೀಲವ್ವನ ಕೈಗೇ ಕೊಟ್ಟೆ. ಆಕೆ ಕಿಟಕಿಯ ಬೆಳಕಿಗೆ ಕುಳಿತು ಮೊದಲಿನಿಂದ ಕೊನೆಯವರೆಗೂ ಓದಿದಳು. ಹಾಳೆಗಳನ್ನು ಜೋಡಿಸಿ ಟೇಬಲ್ಲಿನ ಮೇಲಿಟ್ಟಳು.

‘ಚಲೋ ಬರದೀರಿ. ಖರೇನ ಬರದೀರಿ’ ಎಂದಳು. ಹಾಳೆಗಳ ಮೇಲೆ ಕೈಯಿಟ್ಟು, ‘ಅಲ್ರಿ, ಶೇವಂತಾ ನಾಕನೇ ಇಯತ್ತೆತನಾ ಕಲತದ್ದು ಮರಾಠಿ ಸಾಲ್ಯಾಗ. ಮಾತ ಅಷ್ಟ ಆಡತಾಳ, ಆಕಿಗೆ ಕನ್ನಡ ಓದಾಕ ಬರೂದಿಲ್ಲಲ್ಲ’ ಎಂದಳು.

ಅದು ಬರೆಯಲು ಕೂಡುವಾಗಲೇ ನನಗೆ ಗೊತ್ತಿತ್ತು.