ಪಾತಾಳಗರಡಿಗೆ ಸಿಗದ ನಕ್ಷತ್ರ

ನಮ್ಮ ಭಾವನವರ ಪಕ್ಕದಲ್ಲಿ ಊಟಕ್ಕೆ ಕೂತವರು ಬಿಸಿ ಮುದ್ದೆ ಉಂಡದ್ದೇ ಇಲ್ಲ. ಅಡುಗೆ ನನ್ನದೇ ಆದ್ದರಿಂದ ಈ ಮಾತನ್ನು ನಾನು ಧೈರ್ಯವಾಗಿ ಹೇಳಬಹುದು. ಭಾವ ಎಂದರೆ ನನ್ನ ಗಂಡನ ಅಣ್ಣ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಐವತ್ತರ ದಶಕದ ರಾಜಾಜಿನಗರದಲ್ಲಿ ಎಲ್ಲರ ಬಾಯಲ್ಲೂ ಸೈಟಿನ ಮಾತು. ಇವರೊಬ್ಬರಿಗೆ ಸತ್ತ ನಕ್ಷತ್ರಗಳ ಚಿಂತೆ.

"ಮುದ್ದೇನ ಹೀಗೆ ಅದುಮಿದ್ರೆ ಚಿಕ್ಕದಾಗುತ್ತೆ, ಅಲ್ವೇನಮ್ಮ? ಸೂರ್ಯನ್ನೂ ಹೀಗೇ ಅದುಮ್ತಾ ಹೋಗು. ಕುರುಬರಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಎಷ್ಟು ದೂರಾನೋ ಅಷ್ಟಗಲಕ್ಕೆ ಬಂತು ಅಂತಿಟ್ಕೋ. ಆಮೇಲೆ ಅದರ ಬೆಳಕೂ ಆಚೆ ಬರಕ್ಕಾಗಲ್ಲ."

"ಸಾರು ಹಾಕ್ಲಾ ಭಾವ?"

"ಹಾಕು. ಆದ್ರೆ ಅದುಮೋ ಬಲ ಎಲ್ಲಿಂದ ಬರುತ್ತೆ ಅಂತ ನೀನು ಕೇಳಲೇ ಇಲ್ಲ."

ಕೇಳದಿದ್ದರೂ ಉತ್ತರ ಬರುತ್ತಿತ್ತು. ದೊಡ್ಡ ನಕ್ಷತ್ರದ ಉರಿ ಆರಿದ ಮೇಲೆ ಅದರ ಭಾರವೇ ಅದನ್ನು ಅದುಮುತ್ತದಂತೆ. ಈಗ ಇದಕ್ಕೆ ಕಪ್ಪುರಂಧ್ರ ಎಂಬ ಹೆಸರಿದೆ, ಮಕ್ಕಳ ಪಾಠದಲ್ಲೂ ಬರುತ್ತದೆ. ಆಗ ಹೆಸರೇ ಇಲ್ಲದ ವಸ್ತುವಿಗಾಗಿ ನಮ್ಮ ಮನೆಯ ಸಾರು ಆರುತ್ತಿತ್ತು.

ಈ ಹುಚ್ಚು ಹಿಡಿದದ್ದು ಅವರ ಮಗಳು ಹೋದ ಮೇಲೆ. ಐದು ವರ್ಷದ ಕೂಸು, ವಿಷಮಶೀತ ಜ್ವರ. ನೋಡುವ ಹೊತ್ತು ಮುಗಿಯಿತೆಂದು ಆಸ್ಪತ್ರೆಯವರು ತಾಯಿಯನ್ನು ಆಚೆ ಕಳಿಸಿದ್ದರು. ಮಗುವಿನ ಜೀವ ಹೋದಾಗ ಅಕ್ಕ (ಭಾವನ ಹೆಂಡತಿಯನ್ನು ನಾನು ಕರೆಯುತ್ತಿದ್ದುದು ಹಾಗೆ) ಗೇಟಿನ ಹೊರಗೆ ನಿಂತಿದ್ದರು. ಅಂದಿನಿಂದ ಅವರು ಮಗುವಿನ ಮಾತೆತ್ತಿರಲಿಲ್ಲ, ಅತ್ತಿರಲೂ ಇಲ್ಲ. ಕೆಲಸ ಮಾಡುತ್ತಿದ್ದರು, ಉಣ್ಣಿ ಎಂದರೆ ಉಣ್ಣುತ್ತಿದ್ದರು. ಹೀಗೇ ಒಳಗೊಳಗೇ ಇಂಗಿಹೋಗುತ್ತಾರೇನೋ ಎಂದು ನನಗೆ ದಿಗಿಲು. ಅಂಥ ಮನೆಯಲ್ಲಿ ಈ ಮನುಷ್ಯ ನಕ್ಷತ್ರ ಅದುಮುತ್ತ ಕೂತರೆ ಸಿಟ್ಟು ಬರುವುದಿಲ್ಲವೆ?

ನಮ್ಮಲ್ಲೊಂದು ಪಾತಾಳಗರಡಿ ಇತ್ತು; ಬಾವಿಗೆ ಬಿದ್ದ ಬಿಂದಿಗೆಯನ್ನು ಎತ್ತಲು ಹಗ್ಗಕ್ಕೆ ಕಟ್ಟಿ ಇಳಿಬಿಡುವ ಕಬ್ಬಿಣದ ಕೊಕ್ಕೆಗಳ ಗೊಂಚಲು. ಎರವಲು ಕೇಳಿ ಬಂದವರು ಒಂದು ಪಾತ್ರೆ ಒತ್ತೆ ಇಟ್ಟೇ ಒಯ್ಯಬೇಕು. ಸುಮ್ಮನೆ ಕೊಟ್ಟರೆ ಕೊಟ್ಟವರ ಬಿಂದಿಗೆಯೇ ಬಾವಿಗೆ ಬೀಳುತ್ತದೆಂಬ ನಂಬಿಕೆ. ಒಂದು ಸಂಜೆ ಕುರುಬರಹಳ್ಳಿಯ ಗೌಡತಿಯೊಬ್ಬರು ಚೆಂಬು ಹಿಡಿದು ಬಂದರು. ಭಾವ ಚೆಂಬು ಮುಟ್ಟಲಿಲ್ಲ.

"ಇದೆಲ್ಲ ಮೂಢನಂಬಿಕೆ, ಹಾಗೇ ತಗೊಂಡ್ಹೋಗಿ. ಆದ್ರೆ ಒಂದ್ಮಾತು. ಕೆಲವು ನಕ್ಷತ್ರದೊಳಕ್ಕೆ ಬಿದ್ದದ್ದನ್ನ ಯಾವ ಗರಡೀನೂ ಎತ್ತಲ್ಲ."

"ನಮ್ದು ಬಿದ್ದಿರೋದು ಬಾವಿಗೆ ಸ್ವಾಮಿ," ಎಂದರು ಆಕೆ.

ಮರುದಿನ ಬೆಳಿಗ್ಗೆ ಹಗ್ಗ ಕಳಚಿ ನಮ್ಮ ಬಿಂದಿಗೆಯೇ ಬಿತ್ತು. ಭಾವ ಗರಡಿ ತರಲು ಹೋದರೆ ಗೌಡತಿ ಬಾಗಿಲಲ್ಲೇ ಕೈಚಾಚಿದರಂತೆ. "ಒತ್ತೆ ಎಲ್ಲಿ ಮೇಷ್ಟ್ರೆ? ಸುಮ್ನೆ ಕೊಟ್ರೆ ಮತ್ತೆ ನಮ್ ಬಿಂದಿಗೆ ಬಿದ್ದೋಯ್ತದೆ." ತಮ್ಮದೇ ಗರಡಿಗೆ ತಮ್ಮ ಊಟದ ಡಬ್ಬಿಯನ್ನು ಒತ್ತೆ ಇಟ್ಟು ಭಾವ ಮನೆಗೆ ಬಂದರು. ನಾನು ಬಾಯಿ ತೆರೆಯುವ ಮೊದಲೇ "ಕಾಕತಾಳೀಯ" ಎಂದರು.

ಆಮೇಲೆ ಹಿತ್ತಲಲ್ಲಿ ಅವರು ಹಗ್ಗ ಇಳಿಬಿಡುತ್ತಿದ್ದರು. ಅಕ್ಕ ಕಟ್ಟೆಗೆ ಒರಗಿ ನೀರು ನೋಡುತ್ತಿದ್ದರು, ನಾನು ಪಾತ್ರೆ ಬೆಳಗುತ್ತಿದ್ದೆ. ಭಾವ ಸುಮ್ಮನಿರುವ ಪೈಕಿಯೇ? ಶುರುಮಾಡಿದರು. ಅಂಥ ನಕ್ಷತ್ರಕ್ಕೆ ಏನಾದರೂ ಬಿದ್ದರೆ ಹೊರಗೆ ನಿಂತು ನೋಡುವವರ ಪಾಲಿಗೆ ಅದು ಬಿದ್ದು ಮುಗಿಯುವುದೇ ಇಲ್ಲ. ನಿಧಾನ, ಇನ್ನೂ ನಿಧಾನ, ಕೊನೆಗೆ ಅಂಚಿನಲ್ಲೇ ನಿಂತುಬಿಟ್ಟ ಹಾಗೆ ಕಾಣುತ್ತದಂತೆ.

"ಬಿದ್ದೋರಿಗೆ?"

ಕೇಳಿದ್ದು ಅಕ್ಕ. ಬೂದಿ ಹಿಡಿದಿದ್ದ ನನ್ನ ಕೈ ನಿಂತಿತು.

ಭಾವ ಹಗ್ಗ ಬಿಡುವುದನ್ನು ನಿಲ್ಲಿಸಿದರು. "ಬಿದ್ದೋರಿಗೆ ಹಂಗಲ್ಲ. ಕ್ಷಣದಲ್ಲಿ ದಾಟಿಬಿಡ್ತಾರೆ. ನಕ್ಷತ್ರ ಸಾಕಷ್ಟು ದೊಡ್ಡದಿದ್ರೆ ಅಂಚು ದಾಟಿದ್ದೇ ಅವರಿಗೆ ತಿಳಿಯಲ್ಲ."

"ಒಳಗೇನಿರುತ್ತೆ?"

"ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅಲ್ಲಿಂದ ಸುದ್ದಿ ಬರಲ್ಲ."

ಅಕ್ಕ ಮತ್ತೆ ನೀರಿನ ಕಡೆ ಬಗ್ಗಿದರು. "ಹಂಗಾದ್ರೆ ಅದು ಮುಗೀದೇ ಇರೋದು ಹೊರಗೆ ನಿಂತೋರಿಗೆ ಮಾತ್ರಾನಾ ರೀ?"

"ಅವರಿಗೆ ಮಾತ್ರ."

"ನಮ್ ಪುಟ್ಟೀಗೂ ಹಂಗೇ ಆಗಿರುತ್ತಾ?"

ನಕ್ಷತ್ರದ ಲೆಕ್ಕಕ್ಕೂ ಮಗುವಿನ ಜ್ವರಕ್ಕೂ ಸಂಬಂಧವಿಲ್ಲವೆಂದು ಭಾವನವರಷ್ಟು ಚೆನ್ನಾಗಿ ಬಲ್ಲವರು ಇನ್ನಾರು? ಇನ್ನೇನು ಅದನ್ನೇ ಹೇಳಿಬಿಡುತ್ತಾರೆ ಎಂದುಕೊಂಡೆ.

"ಹೌದು ಕಣೇ," ಎಂದರು ಭಾವ. "ಅವಳಿಗೆ ಗೊತ್ತೇ ಆಗಿಲ್ಲ."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆದರೂ ಅಳು ಬೀದಿಗೆ ಕೇಳುವಷ್ಟು ಜೋರಾಗಿ ಬಂತು. ಭಾವ ಅವರನ್ನು ಹಿಡಿದುಕೊಳ್ಳಲು ಎರಡೂ ಕೈ ಚಾಚಿದರು; ಹಗ್ಗ ಜಾರಿ ಗರಡಿಯೂ ಬಾವಿಯ ಪಾಲಾಯಿತು. ಅದರ ಕಡೆಗೆ ಯಾರೂ ತಿರುಗಿ ನೋಡಲಿಲ್ಲ.