ಅತ್ತೆಯ ಮಂಡಿಯ ಮೇಲೊಂದು ಗೆರೆ

ಫೋನಿನಲ್ಲಿ ಚಿತ್ರ ಬಿಡಿಸುವ ಆ್ಯಪೊಂದನ್ನು ಮಕ್ಕಳ ಕೈಗೆ ಕೊಡಬಹುದೇ ನೋಡಿ ಎಂದು ಹೆಡ್‌ಮಿಸ್ಟ್ರೆಸ್ ಕೇಳಿದ್ದೇ ತಡ, ಡ್ರಾಯಿಂಗ್ ಮೇಷ್ಟ್ರು ಎದೆಯುಬ್ಬಿಸಿದರು. ಸಂಜೆಯೊಳಗೆ ಅದರ ಜಾತಕವನ್ನೇ ಜಾಲಾಡಿಬಿಡುತ್ತೇನೆಂದು ಮಾತು ಕೊಟ್ಟು ಬಂದು, ಮನೆಯ ಸೋಫಾದಲ್ಲಿ ಚಕ್ಕಂಬಕ್ಕಳ ಹಾಕಿ ಕೂತರು.

ಬಣ್ಣಗಳು ಕಮ್ಮಿ, ಪರವಾಗಿಲ್ಲ. ಬ್ರಷ್ಷುಗಳು ಸಾಕಷ್ಟಿವೆ. ರಬ್ಬರು ಮಾತ್ರ ಕಣ್ಣು ಅಳಿಸಲು ಹೋದರೆ ಮೂಗನ್ನೂ ಕರೆದುಕೊಂಡು ಹೋಗುತ್ತಿತ್ತು. ಫೋಟೋದ ಮೇಲೂ ಬರೆಯಬಹುದೆಂದು ತಿಳಿದು, ಮೊದಲು ಕಂಡ ಫೋಟೋ ತೆರೆದರು. ನೋವೆಂದು ಬೆಳಿಗ್ಗೆ ತೆಗೆಸಿದ ಅತ್ತೆಯ ಮಂಡಿಯ ಎಕ್ಸ್‌ರೇ ಅದು. ಬಿಳಿ ಮೂಳೆಯ ಮೇಲೆ ಸಣ್ಣ ಬ್ರಷ್ಷಿನಿಂದ ಕೂದಲೆಳೆಯಂಥ ಕಪ್ಪು ಗೆರೆಯೊಂದನ್ನೆಳೆದು, ತಮಗೆ ತಾವೇ ಶಹಬ್ಬಾಸ್ ಹೇಳಿಕೊಂಡು, ಸೇವ್ ಮಾಡದೆ ಮುಚ್ಚಿ ಸ್ನಾನಕ್ಕೆ ಹೋದರು. ಆ ಆ್ಯಪಾದರೋ, ಸೇವ್ ಮಾಡಲು ಯಾರ ಅಪ್ಪಣೆಯನ್ನೂ ಕೇಳುವ ಪೈಕಿಯಲ್ಲ.

ಹೊರಬರುವಷ್ಟರಲ್ಲಿ ಮನೆಯ ಚಹರೆಯೇ ಬದಲಾಗಿತ್ತು. ಅತ್ತೆ ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದರು. ಹೆಂಡತಿಯ ಕಣ್ಣು ಕೆಂಪಾಗಿತ್ತು. ಮೇಷ್ಟ್ರ ಫೋನಿನಿಂದ ಅವಳು ಎಕ್ಸ್‌ರೇಯನ್ನು ಮೂಳೆ ಡಾಕ್ಟರಿಗೆ ಕಳಿಸಿದ್ದಳು. ಮೂಳೆ ಬಿರುಕು ಬಿಟ್ಟಿದೆ, ಕಾಲು ನೆಲಕ್ಕೆ ತಾಗಿಸದೆ ಈಗಲೇ ಕರೆತನ್ನಿ ಎಂದಿದ್ದರಂತೆ ಅವರು.

ಒರೆಸಿಕೊಂಡ ಮೈ ಮತ್ತೆ ಒದ್ದೆಯಾಯಿತು.

"ಆ ಬಿರುಕು ಅಷ್ಟೇನೂ ಆಳವಾಗಿರಲಾರದು ಕಣೆ."

"ನಿಮಗೆ ಹೇಗ್ರೀ ಗೊತ್ತು?"

ಮೇಷ್ಟ್ರು ಕುರ್ಚಿ ತರಲು ಓಡಿದರು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಮನೆಯ ಡ್ರೈವರೂ ಅವರೂ ಮೆಟ್ಟಿಲಿಳಿಸಿದರು. ಮುಂದಿನ ಮೆಟ್ಟಿಲಲ್ಲಿ ಹೇಳಿಬಿಡೋಣ, ಅದರ ಮುಂದಿನದರಲ್ಲಿ ಎಂದುಕೊಳ್ಳುತ್ತಲೇ ಮೆಟ್ಟಿಲು ಮುಗಿದವು. ಅತ್ತೆ ದಾರಿಯುದ್ದಕ್ಕೂ, ಇನ್ನು ಮಗಳಿಗೆ ತಾನು ಹೊರೆಯಾದೆನಲ್ಲಾ ಎಂದು ಕೊರಗುತ್ತಿದ್ದರೆ, ಅಳಿಯಂದಿರು ಕಿಟಕಿಯಾಚೆಯ ಅಂಗಡಿ ಬೋರ್ಡುಗಳನ್ನು ಒಂದೂ ಬಿಡದೆ ಓದುತ್ತಿದ್ದರು. ಕ್ಲಿನಿಕ್ಕಿನಲ್ಲಿ ನರ್ಸ್ ಪ್ಲಾಸ್ಟರಿನ ಪಟ್ಟಿಯನ್ನು ನೀರಿಗೆ ಅದ್ದಿದ್ದು ಕಂಡಾಗ ಮಾತ್ರ ತಡೆಯಲಾಗಲಿಲ್ಲ.

"ಡಾಕ್ಟ್ರೇ, ಆ ಬಿರುಕು ನನ್ನದು."

ಡಾಕ್ಟರು ಮೇಷ್ಟ್ರ ಮಂಡಿ ನೋಡಿದರು.

ತಡವರಿಸುತ್ತಾ ಎಲ್ಲವನ್ನೂ ಒಪ್ಪಿಸಿದ್ದಾಯಿತು. ಎಕ್ಸ್‌ರೇ ತೆಗೆದವರಿಂದ ಮೂಲ ಚಿತ್ರ ತರಿಸಿ ನೋಡಿದರೆ ಮೂಳೆ ಕಲ್ಲಿನಂತಿತ್ತು. ನೋವಿಗೆ ಬರೀ ಊತ ಕಾರಣ. ಡಾಕ್ಟರು ಮಾತ್ರ ಎರಡನ್ನೂ ಪಕ್ಕಪಕ್ಕ ಹಿಡಿದು, ತಾವು ಮೋಸಹೋದದ್ದು ಹೇಗೆಂದು ಇನ್ನೂ ನೋಡುತ್ತಲೇ ಇದ್ದರು. ಹೆಂಡತಿ ಬಾಯಿ ತೆರೆಯುವ ಮೊದಲೇ ಅತ್ತೆ ಕುರ್ಚಿಯಿಂದೆದ್ದು ನಿಂತು, ಸೆರಗು ಸರಿಮಾಡಿಕೊಂಡರು.

"ಬೈಬೇಡ ಕಣೇ. ಅಳಿಯಂದಿರು ಬರೆದದ್ದನ್ನ ನೋಡಿ, ಇದು ಇಂಥದ್ದೇ ಅಂತ ಗುರುತು ಹಿಡಿದವರು ಇವತ್ತು ಒಬ್ರಾದ್ರೂ ಸಿಕ್ಕಿದ್ರಲ್ಲ."